ಅಲ್ಪ ವೆಚ್ಚದಲ್ಲಿ ಹಳೆಯ ಹೊರೆಗಾಡಿಯ ಜೀರ್ಣೋದ್ಧಾರ

ಒಂದು ಕಾಲಕ್ಕೆ ಚಕ್ಕಡಿಯು ಮಾಡುತ್ತಿದ್ದ ಕಾರ್ಯವನ್ನು ಇಂದು ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ಸಣ್ಣ ಹೊರೆಗಾಡಿಗಳು ನಿರ್ವಹಿಸುತ್ತಿವೆ. ಸಂತೆಗೆ ಕಾಯಿಪಲ್ಲೆ, ಡೈರಿಗೆ ಹಾಲು, ಹೊಲಕ್ಕೆ ಗೊಬ್ಬರ ಇವುಗಳಿಂದಲೇ ಸಾಗುತ್ತವೆ. ಈ ವರ್ಗದ ವಾಹನಗಳಲ್ಲಿ 2005ರಲ್ಲಿ ಟಾಟಾ ಕಂಪನಿಯು ಹೊರತಂದ ‘ಏಸ್’ ಪ್ರಸಿದ್ಧವಾದುದು. ಎರಡು ಸಿಲಿಂಡರುಗಳ 702 ಘನ ಸೆಂಟಿಮೀಟರ್ ಡೀಸೆಲ್ ಇಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ: ಇಷ್ಟೇ ಇದರ ಸಂಪತ್ತು. ಜನರು ಇದನ್ನು ‘ಛೋಟಾ ಹಾಥಿ’ ಎಂದು ಕರೆದದ್ದು ಅನ್ವರ್ಥಕವಾಗಿಯೇ ಇದೆ. ಆರಂಭದ ವರ್ಷಗಳಲ್ಲಿ ರಸ್ತೆಗಿಳಿದ ಗಾಡಿಗಳು ಈಗ ಮೂರು ನಾಲ್ಕು ಕೈ ದಾಟಿ, ಹೊಸದನ್ನು ಕೊಳ್ಳಲಾರದವನ ಅಂಗಳಕ್ಕೆ ಬಂದು ನಿಂತಿವೆ.

ಹೀಗೆ ಹಳೆಯ ಗಾಡಿಯನ್ನು ಕೊಂಡವನ ಕೈಯಲ್ಲಿ ಉಳಿದಿರುವ ಹಣ ಅತ್ಯಲ್ಪ. ಆ ಹಣವೂ ಬಹುಶಃ ಸಾಲದ್ದು. ಅದನ್ನು ಯಾವುದಕ್ಕೆ ಮೊದಲು ವ್ಯಯಿಸಬೇಕೆಂಬ ಪ್ರಶ್ನೆಯಲ್ಲಿಯೇ ಅವನ ಸಂಸಾರದ ಅನ್ನವೂ, ಎಷ್ಟೋ ವೇಳೆ ಪ್ರಾಣವೂ ಅಡಗಿರುತ್ತದೆ. ಸಾಮಾನ್ಯವಾಗಿ ನಡೆಯುವುದಾದರೋ ವಿಪರೀತ: ಮೊದಲು ಬಣ್ಣ, ಅನಂತರ ಸೀಟಿನ ಹೊದಿಕೆ, ಮುಂಗಾಜಿನ ಮೇಲೆ ಒಂದು ಹೆಸರು. ಬ್ರೇಕಿನ ಸರದಿ ಬರುವಷ್ಟರಲ್ಲಿ ಹಣ ತೀರಿರುತ್ತದೆ.

ಬ್ರೇಕಿಗೆ ಅಗ್ರಸ್ಥಾನವೇಕೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರವೇ ತಿಳಿಸುತ್ತದೆ. ಪೂರ್ಣ ಹೊರೆಯೊಡನೆ ಗಾಡಿಯ ತೂಕ 1500 ಕಿಲೋಗ್ರಾಂ, ವೇಗ ಗಂಟೆಗೆ 54 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಈ ವೇಗ ಸೆಕೆಂಡಿಗೆ 15 ಮೀಟರ್ ಆಗುತ್ತದೆ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ 1,68,750 ಜೂಲ್. ಗಾಡಿ ನಿಲ್ಲಬೇಕಾದರೆ ಈ ಶಕ್ತಿಯ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಅದು ಒಂದು ಲೀಟರ್ ನೀರಿನ ಉಷ್ಣತೆಯನ್ನು ಸುಮಾರು 40 ಡಿಗ್ರಿ ಏರಿಸಬಲ್ಲ ಶಾಖ. ವೇಗವನ್ನು ಅರ್ಧಕ್ಕಿಳಿಸಿದರೆ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಹೊರೆಯನ್ನು ಇಮ್ಮಡಿಸಿದವನು ಈ ಲೆಕ್ಕವನ್ನು ತಾನೇ ಮುಂದುವರಿಸಬಹುದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್-3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಸ್ಥಿತಿಯಲ್ಲಿ ಈ ಮಿತಿ 140 ಡಿಗ್ರಿ ಮಾತ್ರ. ಘಾಟಿನ ಇಳಿಜಾರಿನಲ್ಲಿ ಮೇಲಿಂದ ಮೇಲೆ ಬ್ರೇಕ್ ಒತ್ತಿದಾಗ ಹಳೆಯ ಆಯಿಲು ಕುದಿದು ಆವಿಯಾಗುತ್ತದೆ. ದ್ರವದಂತೆ ಆವಿಯು ಒತ್ತಡವನ್ನು ಸಾಗಿಸದೆ ತಾನೇ ಕುಗ್ಗುವುದರಿಂದ ಪೆಡಲು ನೆಲಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಒಂದು ಡಬ್ಬಿ ಹೊಸ ಆಯಿಲು ಬಣ್ಣದ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು. ಹಿಂದಿನ ಡ್ರಮ್ಮುಗಳನ್ನು ಬಿಚ್ಚಿ, ಒಳಗೆ ಒದ್ದೆಯ ಗುರುತಿದ್ದರೆ ವ್ಹೀಲ್ ಸಿಲಿಂಡರಿನ ರಬ್ಬರ್ ವಾಷರುಗಳು ಸೋತಿವೆಯೆಂದು ತಿಳಿಯಬೇಕು. ಆಯಿಲು ನೆನೆದ ಲೈನಿಂಗನ್ನು ಒರೆಸಿ ಮರಳಿ ಕೂರಿಸುವುದು ಉಳಿತಾಯವಲ್ಲ.

ಇದೇ ನ್ಯಾಯ ಟೈರಿಗೂ ಅನ್ವಯಿಸುತ್ತದೆ. ಹೂವು ಆಳವಾಗಿದೆಯೆಂದು ಮರುಳಾಗಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಪಕ್ಕಗಳಲ್ಲಿ ಬಿರುಕು ಬಿಟ್ಟ ಹಳೆಯ ಟೈರನ್ನು ಮುಂಗಾಲಿಗಂತೂ ಹಾಕಲೇಬಾರದು. ಗುಜರಿಯಿಂದ ಬಾಗಿಲು, ಬಂಪರು, ಸೀಟು, ಕನ್ನಡಿಗಳನ್ನು ಧಾರಾಳವಾಗಿ ತರಬಹುದು. ಬ್ರೇಕು ಮತ್ತು ಸ್ಟೀರಿಂಗಿಗೆ ಸಂಬಂಧಿಸಿದ ಬಿಡಿಭಾಗಗಳನ್ನು ಅಲ್ಲಿಂದ ತರತಕ್ಕದ್ದಲ್ಲ.

ಹಣವಿಲ್ಲದವನಿಗೆ ಅತ್ಯಧಿಕ ಲಾಭ ತರುವುದು ಪರೀಕ್ಷೆ. ಗಾಡಿ ಬೆಳಿಗ್ಗೆ ಚಾಲೂ ಆಗದಿದ್ದರೆ ಬ್ಯಾಟರಿ ಹೋಯಿತೆಂದು ಹೊಸದನ್ನು ತರುವವರೇ ಹೆಚ್ಚು. ಪೂರ್ಣ ಚಾರ್ಜಾದ ಬ್ಯಾಟರಿಯು ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಷ್ಟಿದ್ದೂ ಸ್ಟಾರ್ಟರ್ ಮೋಟಾರು ನರಳಿದರೆ ದೋಷವನ್ನು ಬೇರೆಡೆಯೂ ಹುಡುಕಬೇಕು. ಚಾಸಿಗೆ ಅರ್ಥ್ ತಂತಿಯನ್ನು ಬಿಗಿದ ಜಾಗದಲ್ಲಿ ತುಕ್ಕು ಹಿಡಿದು 0.01 ಓಮ್‌ನಷ್ಟು ರೋಧ ಸೇರಿಕೊಂಡಿದೆಯೆನ್ನೋಣ. ಮೋಟಾರು 200 ಆಂಪಿಯರ್ ಸೆಳೆಯುವಾಗ ಆ ಒಂದೇ ಜಾಗದಲ್ಲಿ 2 ವೋಲ್ಟ್ ನಷ್ಟವಾಗುತ್ತದೆ. ಒಂದು ತುಂಡು ಉಜ್ಜುಕಾಗದ, ಹತ್ತು ನಿಮಿಷದ ಶ್ರಮ ಇದಕ್ಕೆ ಸಾಕು. ಓಮನ ನಿಯಮವನ್ನು ಅಂಕಗಳಿಗಾಗಿ ಮಾತ್ರ ಓದಿದವನು ಇಲ್ಲಿ ಒಂದು ಬ್ಯಾಟರಿಯ ಬೆಲೆಯನ್ನು ಕಳೆದುಕೊಳ್ಳುತ್ತಾನೆ.

ಇಂಜಿನ್ ತನ್ನ ರೋಗವನ್ನು ಹೊಗೆಯ ಬಣ್ಣದಿಂದ ಸೂಚಿಸುತ್ತದೆ. ಕಪ್ಪು ಹೊಗೆ ಗಾಳಿಯ ಕೊರತೆ ಅಥವಾ ಡೀಸೆಲಿನ ಆಧಿಕ್ಯವನ್ನು ಹೇಳುತ್ತದೆ. ಮೊದಲು ಏರ್ ಫಿಲ್ಟರನ್ನೂ ಅನಂತರ ನಾಜಲ್‌ಗಳನ್ನೂ ನೋಡಬೇಕು. ನೀಲಿ ಹೊಗೆಯೆಂದರೆ ಇಂಜಿನ್ ಆಯಿಲು ಸುಡುತ್ತಿದೆ. ರಿಂಗುಗಳು ಅಥವಾ ವಾಲ್ವ್ ಸೀಲುಗಳು ಸವೆದಿರಬಹುದು. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಡೀಸೆಲು ಸುಡದೆಯೇ ಹೊರಬೀಳುತ್ತಿದೆ, ಇಲ್ಲವೆ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಎರಡರಲ್ಲಿ ಯಾವ ಸಿಲಿಂಡರು ದುರ್ಬಲವೆಂದು ತಿಳಿಯಲು ಅನುಭವೀ ಮೇಸ್ತ್ರಿಯು ನಾಜಲಿನ ಪೈಪಿನ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸಿ ಇಂಜಿನ್ನಿನ ಸದ್ದನ್ನು ಆಲಿಸುತ್ತಾನೆ. ಸಡಿಲಿಸಿದಾಗಲೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರು ಮೊದಲೇ ಕೆಲಸ ಬಿಟ್ಟಿದೆ. ಯಾಂತ್ರಿಕ ಪಂಪಿನ ಹಳೆಯ ಇಂಜಿನ್ನುಗಳಿಗಷ್ಟೇ ಈ ಪರೀಕ್ಷೆ ಸಲ್ಲುತ್ತದೆ. ಕಾಮನ್ ರೈಲ್ ಇಂಜಿನ್ನಿನಲ್ಲಿ ಇದನ್ನು ಮಾಡಲೇಕೂಡದು. ಚಿಮ್ಮುವ ಡೀಸೆಲು ಚರ್ಮವನ್ನು ಭೇದಿಸಬಲ್ಲದು, ಆದುದರಿಂದ ವಿದ್ಯಾರ್ಥಿಗಳು ನೋಡಿ ಕಲಿಯಬೇಕೇ ಹೊರತು ಕೈಹಾಕಬಾರದು.

ಬಯಲುಸೀಮೆಯ ಇಂಜಿನ್ನುಗಳಿಗೆ ಬೋರ್‌ವೆಲ್ಲಿನ ಗಡಸು ನೀರು ದೊಡ್ಡ ಶತ್ರು. ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿಯ ಸುಣ್ಣವು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಸುಣ್ಣದ ಪದರ ಶಾಖವನ್ನು ಸುಲಭವಾಗಿ ಸಾಗಗೊಡದು. ಇಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಸುಟ್ಟು, ಎರಡು ಡಬ್ಬಿ ಕೂಲಂಟಿನಲ್ಲಿ ಮುಗಿಯಬಹುದಾಗಿದ್ದ ಖರ್ಚು ಇಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ರೇಡಿಯೇಟರನ್ನು ತೊಳೆಸಿ, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಕೂಲಂಟನ್ನು ಬೆರೆಸಿ ತುಂಬಬೇಕು.

ಇಂಜಿನ್ ಪೂರ್ಣ ಕೆಟ್ಟಿದ್ದಲ್ಲಿ ಗುಜರಿಯ ಬೇರೊಂದು ಇಂಜಿನ್ ಅಗ್ಗವಾಗಿ ಕಾಣುವುದು ಸಹಜ. ಆದರೆ ಅದರ ಸಂಖ್ಯೆ ನೋಂದಣಿ ದಾಖಲೆಯಲ್ಲಿ ಸೇರದಿದ್ದರೆ ಆ ಅಗ್ಗವೇ ತುಟ್ಟಿಯಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಯೋಗ್ಯತಾ ಪತ್ರವಿಲ್ಲದ ಸಾರಿಗೆ ವಾಹನವು ಸಿಂಧುವಾಗಿ ನೋಂದಣಿಯಾದುದೆಂದು ಪರಿಗಣಿತವಾಗುವುದೇ ಇಲ್ಲ. ವಾಹನ ಹಳೆಯದಾದಂತೆ ತಪಾಸಣೆಯ ಶುಲ್ಕವೂ ಏರುತ್ತದೆ. ಕೊಳ್ಳುವ ಮುನ್ನವೇ ಈ ಮೊತ್ತವನ್ನು ಲೆಕ್ಕಕ್ಕೆ ಹಿಡಿಯದವರು ಚೆನ್ನಾಗಿ ದುರಸ್ತಾದ ಗಾಡಿಯನ್ನೂ ಅಂಗಳದಲ್ಲಿಯೇ ನಿಲ್ಲಿಸಬೇಕಾಗಿ ಬಂದೀತು.

ದುರಸ್ತಿ ಮುಗಿದ ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿಡುವ ಪದ್ಧತಿ ಉತ್ತಮವಾದುದು. ಎಲ್ಲಿ ಏನು ಸೋರುತ್ತಿದೆಯೆಂಬುದು ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆ ಮೂಡಿರುತ್ತದೆ. ಮೊದಲ ಸಂತೆಗೆ ಅರ್ಧ ಹೊರೆ ಸಾಕು. ಸಂತೆಯ ಊರು ತಲುಪಿದೊಡನೆ ನಾಲ್ಕು ಚಕ್ರಗಳ ಬಳಿಯೂ ಅಂಗೈ ಹಿಡಿದು ನೋಡಬೇಕು. ಮೂರಕ್ಕಿಂತ ಒಂದು ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗು ಬಿಗಿಯಾಗಿದೆ. ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದ ಮೇಲೆ ಮರುಪ್ರಯಾಣ.