ಇಂಗ್ಲಿಷು ಶಬ್ದಗಳ ಅಂಗರಚನೆ



ಕೆಳಗಿನ ತರಗತಿಗಳಿಂದ ಹೈಸ್ಕೂಲಿಗೆ ಬರುವ ಬಾಲಿಕೆಯರಲ್ಲಿ ಅನೇಕರು ಇಂಗ್ಲಿಷು ಶಬ್ದಗಳನ್ನು ಅಕ್ಷರ ಅಕ್ಷರವಾಗಿ ಬಾಯಿಪಾಠ ಮಾಡುವದನ್ನು ನಾವು ವರುಷವರುಷವೂ ನೋಡುತ್ತಿರುವೆವು. ಐದಾರು ಅಕ್ಷರಗಳ ಶಬ್ದವು ಹೇಗೋ ನೆನಪಿನಲ್ಲಿ ನಿಲ್ಲುವದು. ಹದಿನಾಲ್ಕು ಅಕ್ಷರಗಳದು ಎದುರಾದೊಡನೆ ಧೈರ್ಯಗುಂದುವರು. ಕನ್ನಡದಲ್ಲಿ ಸೊಗಸಾಗಿ ಬರೆಯುವ, ಲೆಕ್ಕದಲ್ಲಿ ಎಲ್ಲರಿಗೂ ಮುಂದಿರುವ ಹುಡುಗಿಯೂ ಇದೊಂದೇ ಕಾರಣದಿಂದ ತನ್ನನ್ನು ಮಂದಬುದ್ಧಿಯವಳೆಂದು ಎಣಿಸಿ, ಓದನ್ನೇ ಬಿಟ್ಟುಬಿಡಲು ಯೋಚಿಸುವದುಂಟು. ಶಬ್ದವನ್ನು ಎಲ್ಲಿ ಬಿಚ್ಚಬೇಕೆಂಬದನ್ನು ಆಕೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೇ. ಅದನ್ನು ಇಲ್ಲಿ ತುಸು ತೋರಿಸಲು ಯತ್ನಿಸುವೆವು.

ಪ್ರಕೃತಿ, ಪ್ರತ್ಯಯ ಎಂಬ ಹೆಸರುಗಳನ್ನು ನೀವು ಕನ್ನಡ ವ್ಯಾಕರಣದಲ್ಲಿ ಕಲಿತಿರುವಿರಿ. ‘ಬಡ’ ಎಂಬದಕ್ಕೆ ‘ತನ’ ಸೇರಿ ‘ಬಡತನ’ವಾಗುವದು. ಹಾಗೆಯೇ ಇಂಗ್ಲಿಷಿನಲ್ಲಿ ‘ಕೈಂಡ್’ ಎಂಬದಕ್ಕೆ ‘ನೆಸ್’ ಸೇರಿ ‘ಕೈಂಡ್‌ನೆಸ್’, ಅಂದರೆ ದಯಾಳುತನ. ಭೇದವೇನೆಂದರೆ, ಅಚ್ಚಗನ್ನಡವು ಇಂಥ ಅಂಗಗಳನ್ನು ಶಬ್ದದ ಕೊನೆಯಲ್ಲಿ ಹಚ್ಚುವದು. ಇಂಗ್ಲಿಷು ಮೊದಲಲ್ಲಿಯೂ ಕೊನೆಯಲ್ಲಿಯೂ ಹಚ್ಚುವದು. ಮೊದಲಲ್ಲಿ ಸೇರುವದನ್ನು ಸಂಸ್ಕೃತದ ರೀತಿಯಲ್ಲಿ ಉಪಸರ್ಗವೆಂದು ಕರೆಯೋಣ.

ಈಗ ‘ಅನ್‌ಥ್ಯಾಂಕ್‌ಫುಲ್‌ನೆಸ್’ ಎಂಬ ಹದಿನಾಲ್ಕು ಅಕ್ಷರಗಳ ಶಬ್ದವನ್ನು ತೆಗೆದುಕೊಳ್ಳಿರಿ. ಜಡೆ ಬಿಚ್ಚುವಾಗ ಕೊನೆಯ ಹೆಣಿಕೆಯನ್ನು ಮೊದಲು ಬಿಚ್ಚುವಿರಷ್ಟೆ. ‘ನೆಸ್’ ಎಂಬ ಭಾವಸೂಚಕವನ್ನು ತೆಗೆದರೆ ‘ಅನ್‌ಥ್ಯಾಂಕ್‌ಫುಲ್’, ಅಂದರೆ ಉಪಕಾರಸ್ಮರಣೆಯಿಲ್ಲದ, ಉಳಿಯುವದು. ನಿಷೇಧಸೂಚಕವಾದ ‘ಅನ್’ ತೆಗೆದರೆ ‘ಥ್ಯಾಂಕ್‌ಫುಲ್’. ‘ಫುಲ್’ ತೆಗೆದರೆ ‘ಥ್ಯಾಂಕ್’. ಅಂಜಿಸಿದ ಶಬ್ದದೊಳಗೆ ಕುಳಿತಿದ್ದುದು ದಿನಕ್ಕೆ ಹತ್ತು ಸಲ ನೀವು ಆಡುವ ಮಾತು! ‘ತುಂಬಿದ’ ಎಂಬರ್ಥದ ಸ್ವತಂತ್ರ ಶಬ್ದದಲ್ಲಿ ‘ಎಲ್’ ಎರಡು, ಪ್ರತ್ಯಯವಾದಾಗ ಒಂದೇ ಎಂಬದನ್ನು ಮಾತ್ರ ನೆನಪಿನಲ್ಲಿಡಬೇಕು.

ಕಾಗುಣಿತದ ತಪ್ಪುಗಳಲ್ಲಿ ಎಷ್ಟೋ ಇದರಿಂದಲೇ ತಿದ್ದಿಹೋಗುವವು. ‘ಡಿಸಪಿಯರ್’ ಎಂಬಲ್ಲಿ ‘ಎಸ್’ ಒಂದೋ ಎರಡೋ? ‘ಡಿಸ್’ ಉಪಸರ್ಗಕ್ಕೆ ‘ಅಪಿಯರ್’ ಸೇರಿದೆ, ಆದುದರಿಂದ ಒಂದೇ. ‘ಡಿಸ್‌ಸ್ಯಾಟಿಸ್ಫೈಡ್’ ಎಂಬಲ್ಲಿ ಎರಡೂ ಅಂಗಗಳು ತಮ್ಮ ತಮ್ಮ ‘ಎಸ್’ ತರುವದರಿಂದ ಎರಡು. ‘ಸೈನ್’ ಎಂಬದರಲ್ಲಿ ಉಚ್ಚಾರವಿಲ್ಲದ ‘ಜಿ’ ಏಕೆಂದು ಪ್ರತಿಯೊಂದು ತರಗತಿಯಲ್ಲಿಯೂ ಯಾವಳಾದರೂ ಕೇಳುವಳು. ‘ಸಿಗ್ನೇಚರ್’ ಎಂದು ಹೇಳಿ ನೋಡಲಿ; ಮೂಕವಾಗಿದ್ದ ‘ಜಿ’ ಅಲ್ಲಿ ಬಾಯಿಬಿಡುವದು.

ಇಂಗ್ಲಿಷಿನ ಈ ಅಂಗಗಳು ಒಂದೇ ಮನೆಯವಲ್ಲ. ‘ಅನ್’, ‘ನೆಸ್’, ‘ಫುಲ್’ ಮೊದಲಾದವು ಆ ಭಾಷೆಯ ಹುಟ್ಟಾಸ್ತಿ. ‘ಚೈಲ್ಡ್‌ಹುಡ್’ ಎಂಬದರ ‘ಹುಡ್’ ಹಳೆಯ ಇಂಗ್ಲಿಷಿನಲ್ಲಿ ಸ್ಥಿತಿ, ಪದವಿ ಎಂಬರ್ಥದ ಬೇರೆ ಶಬ್ದವೇ ಆಗಿತ್ತು. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕ ಲ್ಯಾಟಿನ್ ಶಬ್ದಗಳು ಹೊಳೆಯಾಗಿ ಹರಿದುಬಂದವು. ನಮ್ಮ ಶಾಲೆಯ ಹೆಸರಿನಲ್ಲಿರುವ ‘ಮಿಷನ್’ ಎಂಬದು ಕಳುಹಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದಾದುದು. ‘ಪರ್ಮಿಷನ್’, ‘ಅಡ್ಮಿಷನ್’, ನೀವು ಆತುರದಿಂದ ಕಾಯುವ ‘ಡಿಸ್‌ಮಿಸ್’ ಸಹ ಅದರ ಒಡಹುಟ್ಟುಗಳು. ಗ್ರೀಕಿನಿಂದ ಬಂದ ‘ಟೆಲಿ’ ಎಂದರೆ ದೂರ, ‘ಗ್ರಾಫ್’ ಎಂದರೆ ಬರಹ. ಟೆಲಿಗ್ರಾಮಿನ ಸೇವೆಯು ನಮ್ಮ ದೇಶದಲ್ಲಿ ೨೦೧೩ರಲ್ಲಿ ನಿಂತುಹೋಯಿತು. ‘ಟೆಲಿ’ಯಾದರೋ ಟೆಲಿಫೋನು, ಟೆಲಿವಿಷನ್ನುಗಳಲ್ಲಿ ಸುಖವಾಗಿದೆ.

ಸಂಧಿಯೂ ಅಲ್ಲಿ ಉಂಟು. ‘ಉತ್’ ಎಂಬದಕ್ಕೆ ‘ಲೇಖ’ ಸೇರಿದರೆ ‘ಉಲ್ಲೇಖ’ವಾಗುವಂತೆ, ಲ್ಯಾಟಿನ್ನಿನ ನಿಷೇಧಸೂಚಕವಾದ ‘ಇನ್’ ಎಂಬದು ‘ಲೀಗಲ್’ ಎಂಬದರ ಮುಂದೆ ‘ಇಲ್’ ಆಗುವದು, ‘ಪಾಸಿಬಲ್’ ಎಂಬದರ ಮುಂದೆ ‘ಇಮ್’, ‘ರೆಗ್ಯುಲರ್’ ಎಂಬದರ ಮುಂದೆ ‘ಇರ್’. ಮತ್ತೊಂದು ಬೆರಗಿನ ಸಂಗತಿ. ಇಂಗ್ಲಿಷಿನ ‘ಅನ್’, ಲ್ಯಾಟಿನ್ನಿನ ‘ಇನ್’, ‘ಅನಂತ’ ಎಂಬಲ್ಲಿರುವ ಸಂಸ್ಕೃತದ ‘ಅನ್’, ಈ ಮೂರೂ ಒಂದೇ ಮೂಲದಿಂದ ಇಳಿದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಬುಡದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸರು ೧೭೮೬ರಲ್ಲಿ ಕಲ್ಕತ್ತೆಯ ಏಶಿಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದರು. ನಮ್ಮ ಕನ್ನಡವು ಬೇರೆ ಕುಟುಂಬದ್ದು. ಆದರೂ ಅದರಲ್ಲಿ ನೆಲಸಿರುವ ಸಂಸ್ಕೃತ ಶಬ್ದಗಳ ಮೂಲಕ ಆ ನಂಟಸ್ತಿಕೆಯು ನಮಗೂ ಕಾಣುವದು.

ಇಷ್ಟಕ್ಕೆ ಹಿಗ್ಗಿ ಕಂಡ ಕಂಡಲ್ಲಿ ಬಿಚ್ಚತೊಡಗಬಾರದು. ‘ಮಿಸ್’ ಎಂದರೆ ತಪ್ಪಾಗಿ ಎಂದು ಕಲಿತವಳು ‘ಮಿಸ್ಟ್ರೆಸ್’ ಎಂಬದರಲ್ಲಿ ಅದನ್ನೇ ಕಂಡರೆ ಉಪಾಧ್ಯಾಯಿನಿಯರ ಗತಿಯೇನು! ಅದು ‘ಮಾಸ್ಟರ್’ ಎಂಬದರ ಸ್ತ್ರೀಲಿಂಗ ರೂಪ; ‘ಒಡೆಯ’ನಿಗೆ ‘ಒಡತಿ’ಯಿರುವಂತೆ. ಇದು ನಗುವ ಮಾತಾಯಿತು. ನಗಲಾಗದ ಮಾತೂ ಉಂಟು. ಪೆಟ್ರೋಲು ಸಾಗಿಸುವ ಬಂಡಿಗಳ ಮೇಲೆ ‘ಇನ್‌ಫ್ಲ್ಯಾಮಬಲ್’ ಎಂದು ಬರೆದಿರುವದನ್ನು ನೋಡಿರುವಿರಿ. ‘ಇನ್’ ಎಂದರೆ ಇಲ್ಲ ಎಂದು ಮಾತ್ರ ತಿಳಿದವಳು ಅದನ್ನು ‘ಉರಿಯದ ವಸ್ತು’ ಎಂದು ಓದಿ, ದೀಪ ಹಿಡಿದು ಸಮೀಪಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಅಲ್ಲಿಯ ‘ಇನ್’ ಬೇರೊಂದು, ಒಳಗೆ ಎಂಬರ್ಥದ್ದು. ಉರಿ ಹತ್ತಿಕೊಳ್ಳುವಂಥದು ಎಂಬದೇ ಆ ಶಬ್ದದ ಅರ್ಥ. ಈ ಗೊಂದಲದ ನಿಮಿತ್ತವಾಗಿಯೇ ೨೦ನೆಯ ಶತಮಾನದಲ್ಲಿ ಅಗ್ನಿರಕ್ಷಣೆಯ ತಜ್ಞರು ಮೊದಲಿನ ಅಂಗವನ್ನು ಬಿಟ್ಟು ‘ಫ್ಲ್ಯಾಮಬಲ್’ ಎಂದೇ ಬರೆಯುವಂತೆ ಒತ್ತಾಯಪಡಿಸಿದರು. ಎರಡು ರೂಪಗಳೂ ಇಂದು ಬಳಕೆಯಲ್ಲಿವೆ, ಎರಡಕ್ಕೂ ಅರ್ಥ ಒಂದೇ. ಬಿಚ್ಚಿದ ಬಳಿಕ ಒಮ್ಮೆ ನಿಘಂಟನ್ನು ತೆರೆದು ನೋಡತಕ್ಕದ್ದೆಂದು ನಾವು ಪದೇ ಪದೇ ಹೇಳುವದು ಇದಕ್ಕಾಗಿಯೇ.

ಅಭ್ಯಾಸಕ್ಕಾಗಿ ಮೂರು ಶಬ್ದಗಳನ್ನು ಕೊಡುವೆವು: ‘ಇರ್‌ರೆಸ್ಪಾನ್ಸಿಬಲ್’, ‘ಟ್ರಾನ್ಸ್‌ಪೋರ್ಟೇಶನ್’, ‘ಯೂನಿಫಾರ್ಮ್’. ಮೂರನೆಯದರ ಮೊದಲೆರಡು ಅಕ್ಷರಗಳು ‘ಅನ್’ ಎಂಬಂತೆಯೇ ಬರೆಯಲ್ಪಡುವವು. ಅದು ನಿಷೇಧವೋ, ಬೇರೆಯೋ? ನೀವು ದಿನವೂ ಉಟ್ಟು ಬರುವ ಬಟ್ಟೆಯ ಹೆಸರು. ಪ್ರಾರ್ಥನೆಗೆ ಸಾಲಾಗಿ ನಿಂತಾಗ ಒಬ್ಬರನ್ನೊಬ್ಬರು ನೋಡಿಕೊಂಡು ಉತ್ತರ ಹೇಳಿರಿ.