ಗೋಡೆ ಮತ್ತು ಪೀಠೋಪಕರಣಗಳ ಅಲಂಕಾರಿಕ ಲೇಪನ: ಗಾರೆ, ಗ್ಲೇಜ್ ಮತ್ತು ಲೋಹದ ಹೊಳಪು

ಗೋಡೆಗೆ ಬಣ್ಣ ಬಳಿಯುವುದು ಕೇವಲ ಅಂದಕ್ಕಾಗಿ ಮಾಡುವ ಕೆಲಸವೆಂಬ ಭಾವನೆ ಜನರಲ್ಲಿ ಸಾಮಾನ್ಯವಾಗಿದೆ. ವಾಸ್ತವವಾಗಿ ಲೇಪನವೆಂಬುದು ಗೋಡೆಗೂ ಮರಕ್ಕೂ ಚರ್ಮವಿದ್ದಂತೆ. ಮಳೆ, ಬಿಸಿಲು, ಧೂಳು ಮತ್ತು ದಿನಬಳಕೆಯ ಸವೆತಗಳನ್ನು ಮೊದಲು ಎದುರಿಸುವುದು ಅದೇ. ಆದುದರಿಂದ ಅಲಂಕಾರಿಕ ಲೇಪನವನ್ನು ಕೈಗೊಳ್ಳುವವರು ಅದರ ಸೊಬಗಿನ ಜೊತೆಗೆ, ಅದರ ಅಡಿಯಲ್ಲಿರುವ ಗೋಡೆ ಅಥವಾ ಮರದ ಸ್ಥಿತಿಯನ್ನೂ ಅರಿತಿರುವುದು ಅವಶ್ಯಕ. ಗಾರೆಯ ನುಣುಪು ಲೇಪ, ಪಾರದರ್ಶಕ ಗ್ಲೇಜ್ ಹಾಗೂ ಲೋಹದ ಹೊಳಪು ಎಂಬ ಮೂರು ವಿಧಾನಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಉಲ್ಹಾಸನಗರದ ನಿದರ್ಶನ

ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಉಲ್ಹಾಸನಗರವು ಈ ವಿಷಯದ ಅಧ್ಯಯನಕ್ಕೆ ತಕ್ಕ ಸ್ಥಳವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಬಳಿ ಸೈನ್ಯಕ್ಕಾಗಿ ನಿರ್ಮಿಸಲಾಗಿದ್ದ ಶಿಬಿರಗಳಲ್ಲಿ, 1947ರ ದೇಶವಿಭಜನೆಯ ನಂತರ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲಾಯಿತು. 1949ರ ಆಗಸ್ಟ್ 8ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಹೊಸ ನಗರಕ್ಕೆ ಶಂಕುಸ್ಥಾಪನೆ ನೆರವೇರಿಸಿದರು. ಬರಿಗೈಯಲ್ಲಿ ಬಂದ ಜನರು ತಮ್ಮ ಶ್ರಮದಿಂದ ಕಟ್ಟಿದ ಉದ್ಯಮಗಳಲ್ಲಿ ಪೀಠೋಪಕರಣ ತಯಾರಿಕೆಯೂ ಒಂದು. ಇಲ್ಲಿನ ಪೀಠೋಪಕರಣ ಮಾರುಕಟ್ಟೆ ಮುಂಬಯಿ ಮಹಾನಗರ ಪ್ರದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಕಲ್ಯಾಣ, ಡೊಂಬಿವಲಿ, ಠಾಣೆ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಮಾರುಕಟ್ಟೆ ಅಪರಿಚಿತವಲ್ಲ.

ಈ ಪ್ರದೇಶದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. 2005ರ ಜುಲೈ 26ರ ಮಹಾಮಳೆಯಲ್ಲಿ ಉಲ್ಹಾಸ ನದಿಯ ನೀರು ಕಲ್ಯಾಣ, ಉಲ್ಹಾಸನಗರ ಮತ್ತು ಬದಲಾಪುರಗಳ ಮನೆಗಳಿಗೆ ನುಗ್ಗಿತು. 2019ರ ಜುಲೈ ತಿಂಗಳಲ್ಲಿಯೂ ಈ ನದಿ ಉಕ್ಕಿ ಹರಿಯಿತು. ಹೀಗೆ ನೀರುಂಡ ಗೋಡೆಯ ಮೇಲೆ ಎಷ್ಟೇ ಬೆಲೆಬಾಳುವ ಲೇಪ ಹಾಕಿದರೂ ಅದು ನಿಲ್ಲುವುದಿಲ್ಲ. ಗೋಡೆಯೊಳಗಿನ ತೇವವು ಹೊರಬರಲು ದಾರಿ ಹುಡುಕುತ್ತದೆ. ದಾರಿ ಸಿಗದಿದ್ದಾಗ ಬಣ್ಣವನ್ನು ಗುಳ್ಳೆಯೆಬ್ಬಿಸಿ ಉದುರಿಸುತ್ತದೆ.

ಮೊದಲು ಗೋಡೆಯ ಪರೀಕ್ಷೆ

ಲೇಪನಕ್ಕೆ ಮೊದಲು ಮೂರು ಪರೀಕ್ಷೆಗಳನ್ನು ತಪ್ಪದೆ ಮಾಡಬೇಕು.

ಒಂದನೆಯದು ತೇವದ ಪರೀಕ್ಷೆ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಗೋಡೆಗೆ ಬಿಗಿಯಾಗಿ ಅಂಟಿಸಿ, 24 ಗಂಟೆಗಳ ಕಾಲ ಬಿಡಬೇಕು. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡುಬಂದರೆ ತೇವವು ಗೋಡೆಯೊಳಗಿಂದ ಬರುತ್ತಿದೆ ಎಂದು ತಿಳಿಯಬೇಕು. ಹನಿಗಳು ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಗಾಳಿಯಾಡುವಂತೆ ಮಾಡಿದರೆ ಅದು ಕಡಿಮೆಯಾಗುತ್ತದೆ. ಗೋಡೆಯ ತೇವವಾದರೆ ಸೋರುವ ಕೊಳವೆ, ಒಡೆದ ತಾರಸಿ ಅಥವಾ ಹೊರಗೋಡೆಯ ಬಿರುಕನ್ನು ಮೊದಲು ಸರಿಪಡಿಸಬೇಕು.

ಎರಡನೆಯದು ಉಪ್ಪಿನ ಪರೀಕ್ಷೆ. ಗೋಡೆಯ ಮೇಲೆ ಬಿಳಿಯ ಹಿಟ್ಟಿನಂತಹ ಪುಡಿ ಕಂಡರೆ ಅದು ನೀರಿನೊಡನೆ ಹೊರಬಂದ ಲವಣ. ಅದನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕೇ ಹೊರತು ನೀರಿನಿಂದ ತೊಳೆಯಬಾರದು. ತೊಳೆದರೆ ಲವಣವು ಕರಗಿ ಪುನಃ ಗೋಡೆಯೊಳಗೆ ಸೇರುತ್ತದೆ.

ಮೂರನೆಯದು ಬಿರುಕಿನ ಪರೀಕ್ಷೆ. ಇದು ಎಲ್ಲಕ್ಕಿಂತ ಮುಖ್ಯವಾದುದು. ಕೂದಲೆಳೆಯಂತಹ ಬಿರುಕುಗಳು ಗಿಲಾವು ಒಣಗುವಾಗ ಉಂಟಾಗುವಂಥವು. ಅವುಗಳನ್ನು ಪುಟ್ಟಿಯಿಂದ ತುಂಬಬಹುದು. ಆದರೆ ಇಟ್ಟಿಗೆಯ ಸಾಲಿನಗುಂಟ ಮೆಟ್ಟಿಲಿನಂತೆ ಏರುವ ಬಿರುಕು, ಕಂಬ ಅಥವಾ ತೊಲೆಯ ಮೇಲಿನ ಬಿರುಕು, ದಿನೇ ದಿನೇ ಅಗಲವಾಗುವ ಬಿರುಕು, ಚಾವಣಿಯ ಅಡಿಭಾಗದಲ್ಲಿ ತುಕ್ಕಿನ ಕಲೆಯೊಡನೆ ನೇರವಾಗಿ ಸಾಗುವ ಬಿರುಕು ಇವು ಅಪಾಯದ ಸೂಚನೆಗಳು. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗಿ, ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಇಂತಹ ಚಾವಣಿಯನ್ನು ಕೋಲಿನಿಂದ ಮೆಲ್ಲನೆ ತಟ್ಟಿದರೆ ಟೊಳ್ಳು ಸದ್ದು ಕೇಳಿಸುತ್ತದೆ.

2021ರ ಮೇ ತಿಂಗಳಲ್ಲಿ ಉಲ್ಹಾಸನಗರದ ಎರಡು ವಸತಿ ಕಟ್ಟಡಗಳ ಚಾವಣಿಗಳು ಕುಸಿದು ಜೀವಹಾನಿ ಸಂಭವಿಸಿತು. ಇಂತಹ ಚಾವಣಿಯ ಬಿರುಕನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಹೂಬಳ್ಳಿಯಿಂದ ಮುಚ್ಚಿದರೆ ಕಣ್ಣಿಗೆ ಕಾಣಬೇಕಾದ ಎಚ್ಚರಿಕೆಯನ್ನೇ ಅಳಿಸಿದಂತಾಗುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಮಹಾರಾಷ್ಟ್ರದ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ 30 ವರ್ಷ ಮೀರಿದ ಕಟ್ಟಡಗಳ ದೃಢತೆಯನ್ನು ಅರ್ಹ ಎಂಜಿನಿಯರರಿಂದ ಪರೀಕ್ಷಿಸಬೇಕೆಂಬ ನಿಯಮವಿದೆ. ಸಂಶಯವಿದ್ದಲ್ಲಿ ಆ ಪರೀಕ್ಷೆಯೇ ಮೊದಲು, ಅಲಂಕಾರವು ಅನಂತರ.

ಗಾರೆಯ ನುಣುಪು ಲೇಪ

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಸೇರಿಸಿದಾಗ ಅಪಾರ ಶಾಖ ಹೊರಬಂದು, ಅದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಹಚ್ಚಿದ ಮೇಲೆ ಈ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಗುಣವೇ ಗಾರೆಯ ಬಾಳಿಕೆಯ ಗುಟ್ಟು. ಇದಲ್ಲದೆ ಗಾರೆಯು ತೇವವನ್ನು ಹೀರಿ ಹೊರಬಿಡಬಲ್ಲದು; ಮಳೆ ಹೆಚ್ಚಿರುವ ಸೀಮೆಗೆ ಇದು ದೊಡ್ಡ ಅನುಕೂಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ಅಚ್ಚಿನ ಕೆಲಸಕ್ಕೆ ಉತ್ತಮವಾದರೂ, ತೇವವಿರುವ ಗೋಡೆಗೆ ತಕ್ಕುದಲ್ಲ.

ರಾಜಸ್ಥಾನದ ಆರಾಯಿಶ್ ಮತ್ತು ಮೊರಾಕ್ಕೊ ದೇಶದ ತಡೆಲಾಕ್ತ್ ಇವು ಇದೇ ತತ್ತ್ವದ ಪ್ರಸಿದ್ಧ ಲೇಪಗಳು. ಇವುಗಳಲ್ಲಿ ಹೊಳಪು ಬರುವುದು ಮೇಲೆ ಹಚ್ಚಿದ ವಾರ್ನಿಷ್‌ನಿಂದಲ್ಲ, ಕಲ್ಲಿನಿಂದ ತಿಕ್ಕಿ ತಿಕ್ಕಿ ಮೇಲ್ಮೈಯನ್ನು ಬಿಗಿಗೊಳಿಸುವುದರಿಂದ.

ವಿಧಾನ: ಅರಳಿಸಿದ ಸುಣ್ಣವನ್ನು ಸೋಸಿ, ನೀರಿನಡಿಯಲ್ಲಿ ಕೆಲವು ವಾರಗಳ ಕಾಲ ಮಾಗಲು ಬಿಡಬೇಕು. ಹೆಚ್ಚು ದಿನ ಮಾಗಿದಷ್ಟೂ ಅದು ಬೆಣ್ಣೆಯಂತೆ ಮೃದುವಾಗುತ್ತದೆ. ಗೋಡೆಯ ಹಳೆಯ ಎಣ್ಣೆ ಬಣ್ಣವನ್ನು ಪೂರ್ತಿ ತೆಗೆದು, ಮೈಯನ್ನು ಒರಟುಗೊಳಿಸಿ, ನೀರು ಚಿಮುಕಿಸಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳನ್ನು ಬೆರೆಸಿ ಮೊದಲ ಲೇಪವನ್ನು ಸುಮಾರು 8ರಿಂದ 10 ಮಿಲಿಮೀಟರ್ ದಪ್ಪಕ್ಕೆ ಹಚ್ಚಬೇಕು. ಅದು ಬಿಗಿದ ಮೇಲೆ ಸುಣ್ಣ ಮತ್ತು ಅಮೃತಶಿಲೆಯ ಪುಡಿಯನ್ನು ಸಮಪಾಲಿನಲ್ಲಿ ಕಲಸಿ, 1ರಿಂದ 2 ಮಿಲಿಮೀಟರಿನ ತೆಳುವಾದ ಲೇಪಗಳನ್ನು ಒಂದರ ಮೇಲೊಂದು ಕೊಡಬೇಕು. ಕೊನೆಯ ಲೇಪವು ಬೆರಳಿಗೆ ಅಂಟದೆ, ಆದರೆ ಒತ್ತಿದರೆ ತುಸು ತಗ್ಗುವ ಹದದಲ್ಲಿರುವಾಗ ಉಕ್ಕಿನ ಕರಣೆಯಿಂದ ಒತ್ತಿ ಉಜ್ಜಬೇಕು. ಕಡೆಯಲ್ಲಿ ಸಾಬೂನಿನ ತಿಳಿನೀರನ್ನು ಹಚ್ಚಿ ನುಣುಪು ಕಲ್ಲಿನಿಂದ ತಿಕ್ಕಿದರೆ, ಸಾಬೂನು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಪದರವನ್ನುಂಟುಮಾಡುತ್ತದೆ.

ಬಣ್ಣ ಬೇಕಾದಲ್ಲಿ ಜಾಜು, ಹಳದಿಮಣ್ಣು ಮೊದಲಾದ ಮಣ್ಣಿನ ಬಣ್ಣಗಳನ್ನೇ ಬಳಸಬೇಕು. ಪ್ರಷ್ಯನ್ ನೀಲಿಯಂತಹ ಬಣ್ಣಗಳು ಸುಣ್ಣದ ಕ್ಷಾರಕ್ಕೆ ಕೆಡುತ್ತವೆ. ಬಣ್ಣದ ತೂಕ ಸುಣ್ಣದ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಮೀರಿದರೆ ಗಾರೆಯ ಬಿಗಿ ಕುಗ್ಗುತ್ತದೆ.

ಗ್ಲೇಜ್ ಲೇಪನ

ಗ್ಲೇಜ್ ಎಂದರೆ ಅಲ್ಪ ಬಣ್ಣವನ್ನು ಹೊಂದಿರುವ ಪಾರದರ್ಶಕ ದ್ರವ. ತಿಳಿನೀರಿನಲ್ಲಿ ತಳದ ಕಲ್ಲುಗಳು ಕಾಣುವಂತೆ ಅದರ ಮೂಲಕ ಕೆಳಗಿನ ಬಣ್ಣ ಕಾಣಿಸುತ್ತದೆ. ಎರಡು ಬಣ್ಣಗಳು ಬೆರೆಯದೆಯೇ ಕಣ್ಣಿನಲ್ಲಿ ಬೆರೆತು, ಗೋಡೆಗೆ ಆಳದ ಭಾವನೆ ದೊರೆಯುತ್ತದೆ.

ಮೊದಲು ಗೋಡೆಗೆ ಅರೆಹೊಳಪಿನ ಬಣ್ಣವನ್ನು ಎರಡು ಬಾರಿ ಬಳಿದು ಚೆನ್ನಾಗಿ ಒಣಗಿಸಬೇಕು. ಹೊಳಪಿಲ್ಲದ ಬಣ್ಣವು ಗ್ಲೇಜನ್ನು ಹೀರಿಕೊಂಡು ಕಲೆಕಲೆಯಾಗುತ್ತದೆ. ಸಾಮಾನ್ಯವಾಗಿ ಒಂದು ಪಾಲು ಬಣ್ಣಕ್ಕೆ ನಾಲ್ಕು ಪಾಲು ಗ್ಲೇಜ್ ದ್ರವ ಸೇರಿಸಬೇಕು. ಸುಮಾರು ಒಂದು ಮೀಟರ್ ಅಗಲದ ಪಟ್ಟಿಗೆ ಹಚ್ಚಿ, ಹಸಿಯಾಗಿರುವಾಗಲೇ ಮುದ್ದೆ ಮಾಡಿದ ಹತ್ತಿ ಬಟ್ಟೆ, ಸ್ಪಂಜು ಅಥವಾ ಬಾಚಣಿಗೆಯಂತಹ ಸಾಧನದಿಂದ ಒತ್ತಿ ಬೇಕಾದ ವಿನ್ಯಾಸವನ್ನು ತೆಗೆಯಬೇಕು. ನೀರಿನಲ್ಲಿ ಕರಗುವ ಗ್ಲೇಜ್ ಕೆಲವೇ ನಿಮಿಷಗಳಲ್ಲಿ ಒಣಗಲಾರಂಭಿಸುವುದರಿಂದ ಒಬ್ಬರು ಹಚ್ಚುತ್ತಾ ಮತ್ತೊಬ್ಬರು ವಿನ್ಯಾಸ ಮೂಡಿಸುತ್ತಾ ಸಾಗುವುದು ಲೇಸು. ಒಂದು ಪಟ್ಟಿಯ ಅಂಚು ಒಣಗುವ ಮೊದಲೇ ಪಕ್ಕದ ಪಟ್ಟಿಯನ್ನು ಆರಂಭಿಸದಿದ್ದರೆ ಜೋಡಣೆಯ ಗೆರೆ ಉಳಿದುಬಿಡುತ್ತದೆ. ಒಂದು ಗೋಡೆಯನ್ನು ಆರಂಭಿಸಿದ ಮೇಲೆ ಮೂಲೆಯಿಂದ ಮೂಲೆಯವರೆಗೆ ಮುಗಿಸಿಯೇ ವಿಶ್ರಮಿಸಬೇಕು.

ಲೋಹದ ಹೊಳಪು: ನಮ್ಮ ಪರಂಪರೆ

ಲೋಹದ ಹೊಳಪಿನ ಕಲೆ ಕರ್ನಾಟಕಕ್ಕೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಮೂರ್ತಿಗಳನ್ನೂ ಬೊಂಬೆಗಳನ್ನೂ ತಯಾರಿಸುತ್ತಾರೆ. ನೆನೆಸಿ ಒಣಗಿಸಿ ಪುಡಿಮಾಡಿದ ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟನ್ನು ಕಲಸಿದ ಕಿಟ್ಟದಿಂದ ಮೂರ್ತಿಯ ಮೈಯನ್ನು ತಿದ್ದಲಾಗುತ್ತದೆ. ಬೆಣಚುಕಲ್ಲಿನ ಪುಡಿ ಮತ್ತು ಅಂಟಿನ ಮಿಶ್ರಣದಿಂದ ಒಡವೆಗಳನ್ನು ಉಬ್ಬಿಸಿ ಬಿಡಿಸುತ್ತಾರೆ. ತವರದಿಂದ ಸಿದ್ಧಪಡಿಸಿದ ಲಾಜವಾರ ಎಂಬ ಲೇಪದಿಂದ ಚಿನ್ನ ಬೆಳ್ಳಿಗಳ ಮೆರುಗನ್ನು ತರುವುದು ಇವರ ವೈಶಿಷ್ಟ್ಯ. ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿ ಚಿತ್ರಗಳು ಇವರ ಪೂರ್ವಿಕರ ಕೃತಿಗಳೆಂದು ಹೇಳಲಾಗುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಸಫೇದ ಮತ್ತು ಅಂಟಿನ ಲೇಪದಿಂದ ಅತಿ ಸೂಕ್ಷ್ಮವಾದ ಉಬ್ಬನ್ನು ರಚಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಲಾಗುತ್ತದೆ. ತಂಜಾವೂರು ಶೈಲಿಗಿಂತ ಈ ಉಬ್ಬು ತೀರ ಕಡಿಮೆ.

ಈ ಪರಂಪರೆಗಳ ಪಾಠ ಒಂದೇ: ಹೊಳಪು ಕೊನೆಯ ಹಂತ, ತಳಪಾಯವೇ ಮುಖ್ಯ ಕೆಲಸ.

ಪೀಠೋಪಕರಣಗಳಿಗೆ ಅನ್ವಯ

ಹಳೆಯ ಕಪಾಟು ಅಥವಾ ಮೇಜನ್ನು ಸಾಬೂನು ನೀರಿನಿಂದ ಒರೆಸಿ ಜಿಡ್ಡನ್ನು ತೆಗೆಯಬೇಕು. 120ನೇ ಸಂಖ್ಯೆಯ ಉಪ್ಪುಕಾಗದದಿಂದ, ಅನಂತರ 220ನೇ ಸಂಖ್ಯೆಯ ಕಾಗದದಿಂದ ಮರದ ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಪ್ರೈಮರ್ ಬಳಿದು, ತೂತುಗಳಿಗೆ ಪುಟ್ಟಿ ತುಂಬಿ, 320ನೇ ಸಂಖ್ಯೆಯ ಕಾಗದದಿಂದ ನುಣುಪುಗೊಳಿಸಬೇಕು. ಲೋಹದ ಬಣ್ಣವು ಸಣ್ಣ ಗೀರನ್ನೂ ಎತ್ತಿ ತೋರಿಸುವುದರಿಂದ ಈ ಹಂತದಲ್ಲಿ ಅವಸರ ಸಲ್ಲದು.

ಚಿನ್ನದ ಬಣ್ಣದ ಕೆಳಗೆ ಜಾಜಿನ ಕೆಂಪು ಅಥವಾ ಹಳದಿ, ಬೆಳ್ಳಿಯ ಬಣ್ಣದ ಕೆಳಗೆ ಬೂದು ಅಥವಾ ಕಪ್ಪು ಹೊಂದುತ್ತದೆ. ಲೋಹದ ಬಣ್ಣವನ್ನು ತೆಳುವಾಗಿ ಎರಡು ಮೂರು ಬಾರಿ, ಒಂದೇ ದಿಕ್ಕಿನಲ್ಲಿ ಹಚ್ಚಬೇಕು. ರೇಕನ್ನು ಬಳಸುವುದಾದರೆ ಅದಕ್ಕೆ ತಕ್ಕ ಅಂಟನ್ನು ಹಚ್ಚಿ, ಬೆರಳ ಗೆಣ್ಣು ತಾಗಿಸಿದಾಗ ಜಿಗಿ ಇದ್ದರೂ ಕೈಗೆ ಮೆತ್ತಿಕೊಳ್ಳದ ಹದಕ್ಕೆ ಬಂದಾಗ ರೇಕನ್ನು ಇರಿಸಿ, ಮೃದುವಾದ ಕುಂಚದಿಂದ ಒತ್ತಬೇಕು. ಅಪ್ಪಟ ಚಿನ್ನದ ರೇಕು ಕಂದುವುದಿಲ್ಲ. ತಾಮ್ರ ಮತ್ತು ಸತುವು ಬೆರೆತ ಅಗ್ಗದ ರೇಕು ಗಾಳಿಯ ತೇವಕ್ಕೆ ಕಪ್ಪಾಗುವುದರಿಂದ ಅದರ ಮೇಲೆ ವಾರ್ನಿಷ್ ಬಳಿಯುವುದು ಕಡ್ಡಾಯ. ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಮರಕ್ಕೆ ಶೋಭೆ ತರುತ್ತದೆಯಾದರೂ ಬಿಸಿ ಪಾತ್ರೆ ಇಟ್ಟಲ್ಲಿ ಬಿಳಿಯ ಕಲೆ ಬೀಳುತ್ತದೆ. ಊಟದ ಮೇಜಿಗೆ ಅದು ತಕ್ಕುದಲ್ಲ.

ಕೆಲಸಗಾರರ ಆರೋಗ್ಯ

ಇತರರ ಮನೆಯ ಗೋಡೆಯನ್ನು ಬೆಳಗಿಸುವವನ ಶ್ವಾಸಕೋಶ ಮಸುಕಾಗಬಾರದು. ಮನೆಯವರೂ ಗುತ್ತಿಗೆದಾರರೂ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ಸುಣ್ಣವು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು ಮತ್ತು ಕನ್ನಡಕ ಧರಿಸಬೇಕು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷಗಳ ಕಾಲ ಶುದ್ಧ ನೀರಿನಿಂದ ತೊಳೆದು, ಕೂಡಲೇ ವೈದ್ಯರ ಬಳಿ ಹೋಗಬೇಕು.

2. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಅದು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಗಳನ್ನು ಮೀರುವಂತಿಲ್ಲ. ಡಬ್ಬಿಯ ಮೇಲಿನ ವಿವರವನ್ನು ಓದಿಯೇ ಕೊಳ್ಳಬೇಕು. ಹಳೆಯ ಬಣ್ಣವನ್ನು ಒಣದಾಗಿ ಕೆರೆಯದೆ ಒದ್ದೆಮಾಡಿ ಉಜ್ಜಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು.

3. ಥಿನ್ನರ್ ಬೇಗನೆ ಬೆಂಕಿ ಹಿಡಿಯುತ್ತದೆ. ಬೀಡಿ, ಒಲೆ, ದೀಪಗಳು ಸಮೀಪದಲ್ಲಿರಬಾರದು. ಅದರಿಂದ ಕೈ ತೊಳೆಯುವ ರೂಢಿಯನ್ನು ಬಿಡಬೇಕು.

4. ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಮುದ್ದೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಅಂತಹ ಬಟ್ಟೆಯನ್ನು ಹರಡಿ ಒಣಗಿಸಬೇಕು ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

5. ಪಾಲಿಯುರಿಥೇನ್ ಪಾಲಿಶ್ ಸಿಂಪಡಿಸುವಾಗ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕವು ಉಬ್ಬಸಕ್ಕೆ ಕಾರಣವಾಗಬಹುದು. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯಲಾರದು. ತಕ್ಕ ಉಸಿರಾಟ ರಕ್ಷಕವನ್ನೇ ಧರಿಸಬೇಕು.

ಉಪಸಂಹಾರ

ಕೊಂಕಣ ಸೀಮೆಯಲ್ಲಿ ಈ ಕೆಲಸಗಳಿಗೆ ದೀಪಾವಳಿಯ ಅನಂತರದಿಂದ ಬೇಸಗೆಯವರೆಗಿನ ಒಣ ಹವೆ ಪ್ರಶಸ್ತವಾದುದು. ಹೊಸ ಸಿಮೆಂಟ್ ಗಿಲಾವನ್ನು ಸುಮಾರು ನಾಲ್ಕು ವಾರ ಆರಲು ಬಿಟ್ಟು ಅನಂತರ ಬಣ್ಣಕ್ಕೆ ತೊಡಗಬೇಕು. ಇಡೀ ಮನೆಯನ್ನು ಒಮ್ಮೆಲೇ ಅಲಂಕರಿಸುವ ಬದಲು ಒಂದು ಹಲಗೆಯ ಮೇಲೆ ಮಾದರಿ ಮಾಡಿ, ಹಗಲಿನ ಬೆಳಕಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ನೋಡಿ, ಮನೆಮಂದಿಯ ಒಪ್ಪಿಗೆ ಪಡೆದು ಮುಂದುವರಿಯುವುದು ಜಾಣತನ. ಕಪಾಟಿನ ಮರ ಗಟ್ಟಿಯಾಗಿದ್ದರೆ ಅದನ್ನು ಎಸೆದು ಹೊಸದನ್ನು ಕೊಳ್ಳಬೇಕಾಗಿಲ್ಲ. ಎರಡು ರಜಾದಿನಗಳ ಶ್ರಮ ಮತ್ತು ಒಂದು ಡಬ್ಬಿ ಬಣ್ಣದಿಂದ ಅದು ಇನ್ನೂ ಹಲವು ವರ್ಷ ಮನೆಯ ಸೇವೆಗೆ ನಿಲ್ಲಬಲ್ಲದು.