ಗುತ್ತಿಯ ನೀಲಿ ಜೇಡಕ್ಕೆ ಗಾಜಿನ ಮನೆ

ರಾಯದುರ್ಗ, ಆದವಾನಿ ಸೀಮೆಯ ನಮ್ಮವರಿಗೆ ಗುತ್ತಿಯೆಂದರೆ ಕೋಟೆ, ರೈಲ್ವೆ ಜಂಕ್ಷನ್. ಆ ಊರಿನ ಹೆಸರು ಹೊತ್ತ ನೀಲಿ ಜೇಡವೊಂದಿದೆಯೆಂಬುದು ನಮಗೂ ಬಹುಕಾಲ ತಿಳಿದಿರಲಿಲ್ಲ. 1899ರಲ್ಲಿ ಪೋಕಾಕ್ ಎಂಬ ಆಂಗ್ಲ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದರು. ಜೇಡ ಸಿಕ್ಕಿದ್ದು ಗುತ್ತಿಯ ರೈಲ್ವೆ ದಿಮ್ಮಿಗಳ ಅಂಗಳದಲ್ಲಿ, ಮರದೊಡನೆ ಬಂದಿರಬೇಕು. ಅದರ ನಿಜವಾದ ನೆಲೆ ನಂದ್ಯಾಲ, ಗಿದ್ದಲೂರುಗಳ ನಡುವಣ ಕಾಡಿನ ಮರದ ಪೊಟರೆ. ಟರಾಂಟುಲಾ ಎಂಬ ದೊಡ್ಡ ಜೇಡಗಳ ಬಳಗಕ್ಕೆ ಸೇರಿದ ಇದನ್ನು ಯುರೋಪು, ಅಮೆರಿಕಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಆ ಪೆಟ್ಟಿಗೆ ಕಟ್ಟುವ ಕ್ರಮ ರೈತನಿಗೆ ಹೊಸದಲ್ಲ. ಅದು ಗೊಬ್ಬರದ ಗುಂಡಿಯದೇ ವಿದ್ಯೆ.

ಮರದಲ್ಲಿ ವಾಸಿಸುವ ಪ್ರಾಣಿಯಾದುದರಿಂದ ಪೆಟ್ಟಿಗೆ ಎತ್ತರವಾಗಿರಬೇಕು. ಒಂದಡಿ ಅಗಲ, ಒಂದೂವರೆ ಅಡಿ ಎತ್ತರ ಸಾಕು. ಎದುರುಬದುರಾಗಿ ಗಾಳಿಕಿಂಡಿ ಬೇಕೇ ಬೇಕು. ತಳಕ್ಕೆ ಎರಡಂಗುಲ ಸಣ್ಣ ಕಲ್ಲು, ಅದರ ಮೇಲೆ ಬಲೆಯ ತುಂಡು, ಬಳಿಕ ನಾಲ್ಕೈದು ಅಂಗುಲ ಮಣ್ಣು: ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ತುಸು ಮರಳು. ಪೊಟರೆಗೆ ಬದಲಾಗಿ ಟೊಳ್ಳು ತೊಗಟೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ಮನಿಪ್ಲಾಂಟ್ ಬಳ್ಳಿ ನೆಟ್ಟು, ಒಣ ಎಲೆ ಹರಡಬೇಕು. ಒಂದು ಮೂಲೆಯಲ್ಲಿ ನೀರಿನ ಬಟ್ಟಲು.

ಇನ್ನು ಮುಖ್ಯವಾದ ಮಾತು. ಒದ್ದೆ ಕಲ್ಲೆತ್ತಿದರೆ ಅಡಿಯಲ್ಲಿ ಹದಿನಾಲ್ಕು ಕಾಲಿನ ಬೂದು ಹುಳು ಕಾಣುವುದಷ್ಟೆ? ಅದು ಐಸೋಪಾಡ್, ಏಡಿಯ ದೂರದ ನೆಂಟ. ಅದರ ಜೊತೆಗೆ ಸಾಸಿವೆಗಿಂತ ಸಣ್ಣದಾದ, ಚಿಮ್ಮಿ ನೆಗೆಯುವ ಸ್ಪ್ರಿಂಗ್‌ಟೇಲ್. ಇವೆರಡನ್ನೂ ಮಣ್ಣಿಗೆ ಬಿಟ್ಟರೆ ಜೇಡ ತಿಂದುಳಿಸಿದ ಮಿಡತೆಯ ಚೂರು, ಹಿಕ್ಕೆ, ಬೂಷ್ಟು, ಕೊಳೆತ ಎಲೆ ಎಲ್ಲವನ್ನೂ ತಿಂದು ಬಳ್ಳಿಗೆ ಗೊಬ್ಬರ ಮಾಡುತ್ತವೆ. ಇವು ನೆಲೆಯೂರಲು ಮೂರು ನಾಲ್ಕು ವಾರ ಬೇಕು; ಆಮೇಲಷ್ಟೇ ಜೇಡ ಬಿಡುವುದು. ಜೇಡ ಪೊರೆ ಬಿಡುವಾಗ ಜೀವಂತ ಮಿಡತೆಯನ್ನು ಒಳಗೆ ಬಿಟ್ಟಿರಬಾರದು. ಆಗ ಜೇಡದ ಮೈ ಮೆತ್ತಗಿರುತ್ತದೆ, ಮಿಡತೆಯೇ ಅದನ್ನು ಕಡಿದೀತು.

ಶಾಲೆಯಲ್ಲಿ ನಾವು ಮಕ್ಕಳೊಡನೆ ಇಂಥದೇ ಪೆಟ್ಟಿಗೆ ಮಾಡಿದೆವು, ಜೇಡವನ್ನು ಮಾತ್ರ ಬಿಟ್ಟು. ಮೊದಲ ಸಲ ಅವಸರಪಟ್ಟು ನಮ್ಮದೇ ಕಡಲೆಕಾಯಿ ಹೊಲದ ಮಣ್ಣು ತುಂಬಿದೆವು. ಆ ಹೊಲಕ್ಕೆ ಹದಿನೈದು ದಿನದ ಹಿಂದೆ ನಾವೇ ಔಷಧಿ ಹೊಡೆದಿದ್ದೆವು. ಮೂರನೆಯ ದಿನಕ್ಕೆ ಹುಳುಗಳೆಲ್ಲ ಅಂಗಾತ ಬಿದ್ದಿದ್ದವು. “ಸಾರ್, ಹೊಲದಲ್ಲೂ ಹೀಗೇ ಸಾಯ್ತಾವಾ?” ಎಂದು ಒಬ್ಬ ಹುಡುಗಿ ಕೇಳಿದಳು. ನಾವು ಕೂಡಲೇ ಉತ್ತರ ಕೊಡಲಿಲ್ಲ. ಎರಡನೆಯ ಸಲ ಔಷಧಿ ಕಾಣದ ಹೊಂಗೆಮರದ ಕೆಳಗಿನ ಎಲೆಮಣ್ಣು ತಂದೆವು. ಹುಳುಗಳು ಮರಿ ಹಾಕಿವೆ.

ಜೇಡವನ್ನೇಕೆ ಬಿಡಲಿಲ್ಲವೆಂದರೆ, ಕಾಡು ಕಡಿದು ಅದರ ನೆಲೆ ಕುಗ್ಗಿದೆ. 2008ರಲ್ಲೇ ಇದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. 2019ರಲ್ಲಿ ಇದರ ಇಡೀ ಕುಲವನ್ನು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಸೇರಿಸಿದ್ದಾರೆ. ಹೊರದೇಶದವರು ಹಿಡಿದಿಡುವುದಾದರೂ ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಯಾಗಿರಬೇಕು. ಕಚ್ಚಿದರೆ ತೀವ್ರ ನೋವು, ಸ್ನಾಯು ಸೆಳೆತ ಬರುತ್ತದೆ. ಪೊಟರೆಯಲ್ಲಿ ನೀಲಿ ಕಾಲು ಕಂಡವರು ಕೈ ಹಾಕದೆ, ನೋಡಿ ಮುಂದೆ ನಡೆಯಿರಿ.